ಹದಿನಾಲ್ಕನೆಯವನ ಪರ

ಕಾಕ್ಕನಾಡ್
ಮೇ 14

ಅಪ್ಪನಿಗೆ ಕೃಪಾಳ ನಮಸ್ಕಾರ.

ನಿನ್ನೆ ಅಮ್ಮ ಫೋನನ್ನು ನಿಮ್ಮ ಕಿವಿಗೆ ಹಿಡಿದು, "ಎಂತಾದ್ರೂ ಹೇಳು, ಅವರಿಗೆ ಕೇಳ್ತದೆ" ಎಂದಳು. ಊಟ ಆಯ್ತಾ, ನಿದ್ದೆ ಬರ್ತದಾ, ಗಾಯ ಒಣಗಿತಾ ಎಂದು ಒಂದೇ ಉಸಿರಿಗೆ ಕೇಳಿ ಮುಗಿಸಿದೆ. ಆಮೇಲೆ ಏನು ಹೇಳುವುದೆಂದು ತೋಚಲಿಲ್ಲ. ನೀವು ಎದ್ದು ಹೋದದ್ದು ಚಪ್ಪಲಿಯ ಸದ್ದಿನಿಂದ ತಿಳಿಯಿತು. ಗಂಟಲಿನ ಆಪರೇಷನ್ನಿಗೆ ಮೊದಲು ಫೋನಿನಲ್ಲಿ ಮಾತೆಲ್ಲ ನಿಮ್ಮದು, "ಹ್ಞೂಂ" ಮಾತ್ರ ನನ್ನದು. ಈಗ ಅದು ತಿರುಗಿದೆ. ನನಗೆ ಅಭ್ಯಾಸ ಇಲ್ಲ ಅಪ್ಪ.

ಬರೆದು ತೋರಿಸಲು ಕೊಟ್ಟ ಸ್ಲೇಟನ್ನು ಮೂಲೆಗೆ ಎಸೆದಿರಂತೆ. ಮೊಬೈಲಿನಲ್ಲಿ ಟೈಪ್ ಮಾಡಿ ಎಂದರೆ ಅದೂ ಬೇಡವಂತೆ. ಹಾಗಾದರೆ ಕಾಗದ ಬರೆಯುವ. ಕೋರ್ಟಿನಲ್ಲಿ ಸರಕಾರದ ಪರ ಅಷ್ಟು ವರ್ಷ ವಾದಿಸಿದವರು, ನಿಮ್ಮ ಅಕ್ಷರಗಳಾದರೂ ಸುಮ್ಮನಿರಲಾರವು.

ಒಂದು ಕೋರಿಕೆ. ಭಾನುವಾರ ಸಂಜೆ ಆರೂವರೆಗೆ ಟಿ.ವಿ. ಹಾಕಿ. ಫಾರ್ಮುಲಾ ಒನ್ ಕಾರ್ ರೇಸ್ ಉಂಟು. ಹೋದ ಸಲ ಬಂದಾಗ ಆ್ಯಪ್ ಹಾಕಿಟ್ಟು ಬಂದಿದ್ದೇನೆ, ಅಮ್ಮನಿಗೆ ಗೊತ್ತು. ಹಾಸ್ಟೆಲಿನಲ್ಲಿದ್ದಾಗಿನಿಂದ ನನಗೆ ಇದರ ಹುಚ್ಚು. ನಿಮಗೆ ಹೇಳಿರಲಿಲ್ಲ. ನಾನು ಇಲ್ಲಿ ನೋಡುತ್ತೇನೆ, ನೀವು ಉಳ್ಳೂರಿನಲ್ಲಿ ನೋಡಿ. ಒಟ್ಟಿಗೆ ಕೂತಂತೆ.

ಮೊದಲ ದಿನಕ್ಕೆ ಇಷ್ಟು ಗೊತ್ತಿದ್ದರೆ ಸಾಕು. ಒಬ್ಬನೇ ಕೂರುವ ಕಾರು. ಚಕ್ರಗಳೂ ಹೊರಗೆ, ಚಾಲಕನ ತಲೆಯೂ ಹೊರಗೆ. ಹತ್ತು ತಂಡ, ತಂಡಕ್ಕೆ ಎರಡು ಕಾರು. ಶನಿವಾರ ಯಾರು ಒಂದು ಸುತ್ತನ್ನು ಎಲ್ಲರಿಗಿಂತ ಬೇಗ ಮುಗಿಸುತ್ತಾರೋ ಅವರು ಭಾನುವಾರ ಎಲ್ಲರಿಗಿಂತ ಮುಂದೆ ನಿಲ್ಲುತ್ತಾರೆ. ಐದು ಕೆಂಪು ದೀಪಗಳು ಒಂದೊಂದಾಗಿ ಹೊತ್ತುತ್ತವೆ. ಐದೂ ಒಟ್ಟಿಗೆ ಆರಿದ ಕೂಡಲೇ ಹೊರಡಬೇಕು. ಹಸಿರು ದೀಪ ಇಲ್ಲ. ಆ ಆರುವ ಕ್ಷಣವನ್ನೊಂದು ನೋಡಿ. ನನಗೆ ಈಗಲೂ ಆಗ ಕೈ ತಣ್ಣಗಾಗುತ್ತದೆ.

ನಿಮ್ಮ ಮಗಳು
ಕೃಪಾ


ಉಳ್ಳೂರ್
ಮೇ 27

ಚಿ. ಕೃಪಾಳಿಗೆ ಆಶೀರ್ವಾದ.

ಮೊಬೈಲಿನಲ್ಲಿ ಒತ್ತಕ್ಷರ ಹುಡುಕುವಷ್ಟರಲ್ಲಿ ನನ್ನ ಸಿಟ್ಟೇ ಆರಿಹೋಗುತ್ತದೆ. ಆದ್ದರಿಂದ ಕಾಗದಕ್ಕೆ ಒಪ್ಪಿದ್ದೇನೆ.

ನಿನ್ನ ರೇಸು ನೋಡಿದೆ. ನನ್ನ ತೀರ್ಪು ಇಷ್ಟು: ಇಪ್ಪತ್ತು ಕಾರುಗಳು ಒಂದೇ ದಾರಿಯಲ್ಲಿ ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದವು. ಮುಂದೆ ಇದ್ದವನು ಮುಂದೆಯೇ ಉಳಿದ. ನಡುವೆ ಕೆಲವರು ಒಂದು ಗಲ್ಲಿಯೊಳಗೆ ನುಗ್ಗಿ ಹೊರಬಂದರು, ಯಾಕೆಂದು ಗೊತ್ತಾಗಲಿಲ್ಲ. ಪರದೆಯ ಎಡಗಡೆ ಹೆಸರುಗಳ ಪಟ್ಟಿ ಮೇಲೆ ಕೆಳಗೆ ಜಿಗಿಯುತ್ತಿತ್ತು, ಅದೂ ತಿಳಿಯಲಿಲ್ಲ. ಎರಡನೆಯವನೋ ಹತ್ತೊಂಬತ್ತನೆಯವನೋ ಎಂಬುದೇ ತಿಳಿಯದೆ ಒಬ್ಬನನ್ನು ಅರ್ಧ ಗಂಟೆ ನೋಡಿದೆ.

ಆದರೆ ನಿನ್ನ ದೀಪಗಳ ಮಾತು ಒಪ್ಪಿದೆ. ತೀರ್ಪು ಓದುವ ಮೊದಲು ಕೋರ್ಟ್ ಹಾಲಿನಲ್ಲಿ ಒಂದು ನಿಶ್ಶಬ್ದ ಇರುತ್ತದೆ. ಅದನ್ನು ಬೇರೆ ಕಡೆ ಕಂಡದ್ದು ಇದೇ ಮೊದಲು.

ಯಾವ ಕಾಯ್ದೆಯ ಪ್ರಕಾರ ಇವರೆಲ್ಲ ನಡೆಯುತ್ತಾರೆ, ಅದನ್ನು ಬರೆ. ಕಾಯ್ದೆ ತಿಳಿಯದೆ ನೋಡುವುದು ನನಗಾಗದು.

ಅಪ್ಪ

ಅಡಿಯಲ್ಲಿ ನಾನೂ ಎರಡು ಸಾಲು ಬರೆಯುತ್ತೇನೆ ಕೃಪಾ. ಮಾತು ಬರಲೆಂದು ಗಂಟಲಿನೊಳಗೆ ಸಣ್ಣ ವಾಲ್ವ್ ಇಟ್ಟಿದ್ದಾರಲ್ಲ, ಆಸ್ಪತ್ರೆಯ ಅಪರ್ಣಾ ಅದರಲ್ಲಿ ಮಾತಾಡುವುದನ್ನು ಕಲಿಸುತ್ತಾಳೆ. ಎರಡು ಸಲ ಹೋದರು. ಮೂರನೆಯ ಸಲ ಆಟೋ ಬಂದು ನಿಂತರೂ ಏಳಲಿಲ್ಲ. ಗಂಜಿ ಬಿಸಿ ಇದ್ದರೆ ಊದಲೂ ಬರುವುದಿಲ್ಲ ಅವರಿಗೆ, ಉಸಿರಾಟ ಈಗ ಕುತ್ತಿಗೆಯ ತೂತಿನಲ್ಲಲ್ಲವಾ, ಬಾಯಿಗೆ ಬರಬೇಕಲ್ಲ. ತಟ್ಟೆ ನೋಡುತ್ತಾ ಕೂರುತ್ತಾರೆ. ನಿನ್ನ ಕಾಗದವನ್ನು ಮೂರು ಸಲ ಓದಿದರು. — ಅಮ್ಮ


ಕಾಕ್ಕನಾಡ್
ಜೂನ್ 5

ಅಪ್ಪ,

ಕಾಯ್ದೆ ಬೇಕೆಂದಿರಿ. ನನಗೆ ತಿಳಿದಷ್ಟು ಹೇಳುತ್ತೇನೆ.

ಎಡಗಡೆಯ ಪಟ್ಟಿಯೇ ರೇಸು. ಟಿ.ವಿ.ಯವರು ಯಾವ ಕಾರನ್ನು ತೋರಿಸಿದರೂ ಕಣ್ಣು ಅಲ್ಲೊಮ್ಮೆ ಹೋಗಿಬರಬೇಕು. ಮೇಲಿನಿಂದ ಕೆಳಗೆ ಯಾರು ಎಷ್ಟನೆಯವರು ಎಂದು ಹೆಸರಿನ ಮೂರಕ್ಷರ ಇರುತ್ತದೆ. ಪಕ್ಕದ ಅಂಕಿ, ಮುಂದಿನವನಿಗೂ ಅವನಿಗೂ ಎಷ್ಟು ಸೆಕೆಂಡಿನ ಅಂತರ ಎಂದು. ಆ ಅಂತರ ಸುತ್ತು ಸುತ್ತಿಗೂ ಸ್ವಲ್ಪ ಸ್ವಲ್ಪ ಕರಗುತ್ತಿದ್ದರೆ ಅಲ್ಲಿ ಜಗಳ ಬರುತ್ತದೆ ಎಂದರ್ಥ. ಮೊದಲನೆಯವನನ್ನು ಬಿಟ್ಟು ಆ ಜಗಳವನ್ನು ಕಾಯಿರಿ.

ಗಲ್ಲಿ ಎಂದಿರಲ್ಲ, ಅದು ಪಿಟ್. ಟಯರ್ ಬದಲಿಸುವ ಜಾಗ. ಕೆಂಪು ಪಟ್ಟಿಯ ಟಯರು ಮೃದು, ಜೋರಾಗಿ ಓಡುತ್ತದೆ, ಬೇಗ ಸವೆಯುತ್ತದೆ. ಬಿಳಿಯದು ಗಟ್ಟಿ, ನಿಧಾನ, ಆದರೆ ಬಾಳಿಕೆ ಬರುತ್ತದೆ. ಹಳದಿ ಇವೆರಡರ ನಡುವೆ. ಮಳೆ ಬಾರದ ರೇಸಿನಲ್ಲಿ ಎರಡು ಬಗೆಯನ್ನಾದರೂ ಬಳಸಲೇಬೇಕೆಂಬುದು ನಿಯಮ. ಹಾಗಾಗಿ ಯಾವಾಗ ಒಳಗೆ ಬರುವುದು ಎಂಬುದೇ ದೊಡ್ಡ ಲೆಕ್ಕಾಚಾರ. ಮುಂದಿನ ಸಲ ಆ ಗಲ್ಲಿಯ ಮಂದಿಯನ್ನು ನೋಡಿ. ಇಪ್ಪತ್ತು ಜನ ಸುತ್ತುವರಿಯುತ್ತಾರೆ, ನಾಲ್ಕು ಚಕ್ರ ಕಳಚಿ ಬೇರೆ ನಾಲ್ಕು ಹಾಕುತ್ತಾರೆ, ನೀವು "ಆ" ಎನ್ನುವಷ್ಟರಲ್ಲಿ ಕಾರು ಹೋಗಿರುತ್ತದೆ.

"ಆ" ಎಂದು ಬರೆದದ್ದಕ್ಕೆ ಕ್ಷಮಿಸಿ. ಹೊಡೆದು ಹಾಕುವ ಎಂದುಕೊಂಡೆ. ಆಮೇಲೆ ಇರಲಿ ಎನಿಸಿತು.

ಮೊದಲ ಹತ್ತು ಮಂದಿಗೆ ಮಾತ್ರ ಅಂಕ. ಗೆದ್ದವನಿಗೆ ಇಪ್ಪತ್ತೈದು, ಹತ್ತನೆಯವನಿಗೆ ಒಂದು. ಹನ್ನೊಂದನೆಯವನಿಗೆ ಏನೂ ಇಲ್ಲ. ಈ ಅಂಕಗಳು ವರ್ಷವಿಡೀ ಕೂಡುತ್ತಾ ಹೋಗುತ್ತವೆ. ಕೊನೆಯಲ್ಲಿ ಚಾಲಕರಲ್ಲಿ ಒಬ್ಬ ಚಾಂಪಿಯನ್, ತಂಡಗಳಲ್ಲಿ ಒಂದು ಚಾಂಪಿಯನ್.

ತಪ್ಪು ಮಾಡಿದವರನ್ನು ವಿಚಾರಿಸಲು ಸ್ಟುವರ್ಡ್‌ಗಳು ಎಂಬ ನ್ಯಾಯಾಧೀಶರೇ ಇದ್ದಾರೆ. ಅದು ನಿಮ್ಮ ಇಲಾಖೆ. ನಾನು ಬಾಯಿ ಹಾಕುವುದಿಲ್ಲ.

ಅಂಬಲಮುಗಳ್‌ನಲ್ಲಿ ಮಾಮೂಲಿನ ಕೆಲಸ. ರಿಫೈನರಿಯ ಲ್ಯಾಬಿನಲ್ಲಿ ದಿನವಿಡೀ ಪೆಟ್ರೋಲಿನ ಪರೀಕ್ಷೆ. ನಾನು ಪಾಸು ಮಾಡಿದ ಪೆಟ್ರೋಲಿನಲ್ಲಿ ನಿಮ್ಮ ಉಳ್ಳೂರಿನ ಆಟೋಗಳೂ ಓಡುತ್ತಿರಬಹುದು. ಬಂದು ನಿಂತಾಗ ಒಮ್ಮೆ ಹತ್ತಿ.

ಕೃಪಾ


ಉಳ್ಳೂರ್
ಜೂನ್ 24

ಕೃಪಾ,

ಆಟೋದ ಮಾತು ಅರ್ಥವಾಯಿತು. ಅದರ ಬಗ್ಗೆ ಈಗ ಬೇಡ.

ಎರಡು ರೇಸು ನೋಡಿದೆ. ನಡುವಿನ ದಿನಗಳಲ್ಲಿ ಹಳೆಯವನ್ನೂ ಹಾಕಿಕೊಂಡು ನೋಡುತ್ತಿದ್ದೇನೆ. ಆ ಸ್ಟುವರ್ಡ್‌ಗಳಿಗೆ ನನ್ನ ನಮಸ್ಕಾರ. ಘಟನೆ ನಡೆಯುತ್ತದೆ, ಸಾಕ್ಷ್ಯ ನೋಡುತ್ತಾರೆ, ಚಹಾ ತಣಿಯುವುದರೊಳಗೆ ತೀರ್ಪು. ಐದು ಸೆಕೆಂಡು ದಂಡ. ಮುಂದಿನ ಬಾರಿ ಪಿಟ್‌ಗೆ ಬಂದಾಗ ಅಷ್ಟು ಹೊತ್ತು ಕಾರನ್ನು ಯಾರೂ ಮುಟ್ಟದೆ ನಿಲ್ಲಬೇಕು, ಇಲ್ಲವಾದರೆ ಕೊನೆಯ ಲೆಕ್ಕಕ್ಕೆ ಸೇರುತ್ತದೆ. ಮುಂದೂಡಿಕೆ ಇಲ್ಲ, ವಕಾಲತ್ತು ಇಲ್ಲ. ನನ್ನ ಒಂದು ಗಡಿ ತಕರಾರಿನ ಕೇಸಿನಲ್ಲಿ ಇಬ್ಬರೂ ಕಕ್ಷಿದಾರರು ತೀರಿಕೊಂಡ ಮೇಲೆ ತೀರ್ಪು ಬಂದಿತ್ತು.

ಪಿಟ್‌ನ ಮಂದಿಯನ್ನು ನೋಡಿದೆ. ಒಬ್ಬನ ಕೆಲಸ ಹಿಂದಿನ ಚಕ್ರವನ್ನು ಎಳೆದು ತೆಗೆಯುವುದು, ಅಷ್ಟೇ. ಇಡೀ ಸಂಜೆಯಲ್ಲಿ ಅವನಿಗೆ ಬರುವುದು ಎರಡು ಕ್ಷಣ. ಆ ಎರಡು ಕ್ಷಣಕ್ಕಾಗಿ ಅವನು ಬಾಗಿ ನಿಂತ ರೀತಿ ನೋಡಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ನೀನು ನಗಬಹುದು, ನನಗೊಬ್ಬ ಕಕ್ಷಿದಾರ ಸಿಕ್ಕಿದ್ದಾನೆ. ಕೊನೆಯ ತಂಡದ ಕಾರಿನವನು. ಮೊದಲ ದಿನ ಅರ್ಧ ಗಂಟೆ ನೋಡಿದೆ ಎಂದೆನಲ್ಲ, ಅವನೇ. ಎರಡು ರೇಸಿನಲ್ಲೂ ಹದಿನಾಲ್ಕನೆಯವನಾಗಿ ಬಂದ. ಅಂಕ ಇಲ್ಲ, ಬಹುಮಾನ ಇಲ್ಲ, ಟಿ.ವಿ.ಯವರು ಅವನನ್ನು ತೋರಿಸುವುದು ಮುಂದಿನವರು ಅವನನ್ನು ಒಂದು ಸುತ್ತು ಹಿಂದೆ ಹಾಕುವಾಗ ಮಾತ್ರ. ನೀಲಿ ಬಾವುಟ ಬೀಸುತ್ತಾರೆ, ಅವನು ಸರಿದು ದಾರಿ ಬಿಡುತ್ತಾನೆ, ಮರುಕ್ಷಣ ತನ್ನ ಕೆಲಸಕ್ಕೆ ಮರಳುತ್ತಾನೆ. ಕೊನೆಯ ಸುತ್ತಿನಲ್ಲೂ ಅವನ ಚಕ್ರ ಮೊದಲ ಸುತ್ತಿನ ಗೆರೆಯಲ್ಲೇ ಇತ್ತು. ಯಾರೂ ನೋಡದಾಗ ಹೀಗೆ ಓಡಿಸುವವನನ್ನು ನಾನು ಮೆಚ್ಚುತ್ತೇನೆ. ಗೆದ್ದವನು ಯಾರೆಂದು ನಾನು ನೋಡಲೇ ಇಲ್ಲ.

ಒಂದು ಪ್ರಶ್ನೆ. ರೇಡಿಯೊದಲ್ಲಿ ಅವರು ಎಂಜಿನಿಯರನ ಹತ್ತಿರ ಮಾತಾಡುವಾಗ ಸ್ವರ ತುಂಡು ತುಂಡಾಗಿ ಬರುತ್ತದೆ. ಆ ವೇಗದಲ್ಲಿ ಅವರು ಉಸಿರಾಡುವುದು ಯಾವಾಗ?

ಅಪ್ಪ


ಕಾಕ್ಕನಾಡ್
ಜುಲೈ 2

ಅಪ್ಪ,

ನಿಮ್ಮ ಕಾಗದವನ್ನು ಶ್ರಾವ್ಯಳಿಗೆ ಓದಿ ಹೇಳಿದೆ. ನನ್ನ ಫ್ಲ್ಯಾಟಿನಲ್ಲಿ ಜೊತೆಗಿರುವವಳು, ಐಟಿ ಪಾರ್ಕಿನಲ್ಲಿ ಕೆಲಸ, ನನಗಿಂತ ದೊಡ್ಡ ರೇಸ್ ಹುಚ್ಚಿ. "ಹದಿನಾಲ್ಕನೆಯವನಿಗೆ ವಕೀಲರನ್ನು ಇಟ್ಟುಕೊಟ್ಟವಳು ನೀನೊಬ್ಬಳೇ" ಎಂದಳು.

ಉಸಿರಿನ ವಿಷಯ. ಜೋರು ತಿರುವಿನಲ್ಲಿ ಚಾಲಕನ ತಲೆಯ ಭಾರ ನಾಲ್ಕೈದು ಪಟ್ಟಾಗಿ ಒಂದು ಬದಿಗೆ ಎಳೆಯುತ್ತದಂತೆ. ಎದೆಯನ್ನು ಯಾರೋ ಅದುಮಿ ಹಿಡಿದ ಹಾಗೆ. ಆಗ ಅನೇಕರು ಉಸಿರು ಬಿಗಿಹಿಡಿಯುತ್ತಾರೆ. ನೇರ ದಾರಿ ಸಿಕ್ಕಿದಾಗ ಒಳಗೆಳೆದುಕೊಳ್ಳುತ್ತಾರೆ. ಹೊಸಬರು ಇದನ್ನು ಕಲಿಯುವ ತನಕ ಅರ್ಧ ರೇಸಿಗೇ ಸುಸ್ತಾಗುತ್ತಾರೆ. ರೇಡಿಯೊದಲ್ಲಿ ಮಾತಾಡುವುದು ಸಾಮಾನ್ಯವಾಗಿ ನೇರ ದಾರಿಯಲ್ಲೇ. ತಿರುವಿನ ನಡುವೆ ಎಂಜಿನಿಯರ್ ಬಾಯಿ ತೆರೆದರೆ ಬೈಗುಳ ತಿನ್ನುತ್ತಾನೆ.

ಯಾಕೆ ಕೇಳಿದಿರಿ ಎಂದು ನಾನು ಕೇಳುವುದಿಲ್ಲ.

ಕೃಪಾ


ಉಳ್ಳೂರ್
ಜುಲೈ 21

ಕೃಪಾ,

ಆಟೋ ಹತ್ತಿದೆ.

ಅಪರ್ಣಾ ನನ್ನನ್ನು ನೋಡಿ, ಎರಡು ತಿಂಗಳು ಎಲ್ಲಿದ್ದಿರಿ ಎಂದು ಕೇಳಲಿಲ್ಲ. ನಿನ್ನ ವಯಸ್ಸಿನವಳೇ ಇರಬೇಕು. ಕೊಲ್ಲಂ ಕಡೆಯವಳು. ನಿನ್ನ ಕಾಗದದ ಉಸಿರಿನ ಭಾಗವನ್ನು ಸ್ಲೇಟಿನಲ್ಲಿ ಇಂಗ್ಲಿಷಿಗೆ ತರ್ಜುಮೆ ಮಾಡಿ ತೋರಿಸಿದೆ. ಅವಳು ಓದಿ, "ಸರಿಯಾಗಿ ಇದೇ ಸಾರ್. ಇಷ್ಟು ದಿನ ನೀವು ತಿರುವಿನಲ್ಲಿ ಉಸಿರು ಹುಡುಕುತ್ತಿದ್ದೀರಿ" ಎಂದಳು.

ಮೊದಲು ಕುತ್ತಿಗೆಯ ತೂತಿನಿಂದ ನಿಧಾನವಾಗಿ ಉಸಿರು ಎಳೆಯಬೇಕು. ಆಮೇಲೆ ಹೆಬ್ಬೆರಳಿನಿಂದ ತೂತು ಮುಚ್ಚಬೇಕು. ಆಗ ಉಸಿರು ಆ ವಾಲ್ವಿನ ಮೂಲಕ ಬಾಯಿಗೆ ಬರುತ್ತದೆ. ನಾನು ಹಿಂದೆ ಮಾಡುತ್ತಿದ್ದದ್ದು ಮುಚ್ಚಿದ ಮೇಲೆ ಎಳೆಯುವುದು, ಹೆದರಿಕೆಯಿಂದ. ಈ ಸಲ ಕಣ್ಣು ಮುಚ್ಚಿ ನೇರ ದಾರಿಯನ್ನು ನೆನೆದು ಎಳೆದೆ, ಮುಚ್ಚಿದೆ, ಬಿಟ್ಟೆ. ಕೊಟ್ಟಿಗೆಯಲ್ಲಿ ಎಮ್ಮೆ ಮಗ್ಗುಲು ಬದಲಿಸಿದಂತಹ ಒಂದು ಸದ್ದು ಬಂತು. ಅಪರ್ಣಾ ಚಪ್ಪಾಳೆ ತಟ್ಟಲಿಲ್ಲ, "ಇನ್ನೊಂದು ಸಲ" ಎಂದಳು. ಅದಕ್ಕೇ ಅವಳ ಮೇಲೆ ಗೌರವ ಹೆಚ್ಚಾಯಿತು. ಒಂದೇ ಸ್ವರಕ್ಕಾಗಿ ನನ್ನ ಮುಂದೆ ಅವಳು ಒಂದು ಗಂಟೆ ಕೂತಿದ್ದಳು, ಅವಸರ ಇಲ್ಲ, ಆಕಳಿಕೆ ಇಲ್ಲ. ನಾನು ಜೂನಿಯರುಗಳ ಜೊತೆ ಅಷ್ಟು ತಾಳ್ಮೆಯಿಂದ ಇದ್ದವನಲ್ಲ.

ಅಪ್ಪ

ಕೃಪಾ, ಮನೆಗೆ ಬಂದು ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು "ಇಂದು" ಎಂದರು. ಮದುವೆಯಾದಲ್ಲಿಂದ ನನ್ನನ್ನು ಹೆಸರು ಹಿಡಿದು ಕರೆದವರಲ್ಲ, "ಕೇಳಿತಾ" ಎಂದೇ. ನಾನು ಸೌಟು ಹಿಡಿದುಕೊಂಡು ಹಾಗೇ ನಿಂತೆ. ಆಮೇಲೆ ಸ್ಲೇಟಿನಲ್ಲಿ ಬರೆದರು: "ಕೇಳಿತಾ ಎನ್ನಲು ಉಸಿರು ಸಾಲುವುದಿಲ್ಲ." — ಅಮ್ಮ


ಉಳ್ಳೂರ್
ಆಗಸ್ಟ್ 10

ಕೃಪಾ,

ಈ ತಿಂಗಳು ರೇಸು ಇಲ್ಲವಂತೆ, ರಜೆಯಂತೆ. ಒಳ್ಳೆಯದೇ ಆಯಿತು.

ಮೊನ್ನೆ ಒಬ್ಬನೇ ಜಂಕ್ಷನ್ನಿಗೆ ಹೋಗಿ, ಚಹಾದಂಗಡಿಯಲ್ಲಿ ಒಂದು ಚಾಯ ಎಂದೆ. ಚೆನ್ನಾಗಿಯೇ ಬಂತು, ನನಗೆ ಕೇಳಿಸಿತು. ಪಕ್ಕದಲ್ಲಿದ್ದ ಒಂದು ಮಗು ತಾಯಿಯ ಸೀರೆಯ ಹಿಂದೆ ಅಡಗಿಕೊಂಡಿತು. ಅಂಗಡಿಯವನು ಎದ್ದು ಬಂದು ನನ್ನನ್ನು ಕೈಹಿಡಿದು ಕೂರಿಸಿ, ಕಿವುಡನ ಹತ್ತಿರ ಹೇಳುವಂತೆ ಕಿರುಚಿದ: "ಸಕ್ಕರೆ ಬೇಕಾ? ಸಕ್ಕರೆ?" ಅಂಗಡಿಯಲ್ಲಿ ಇದ್ದವರೆಲ್ಲ ಮಾತು ನಿಲ್ಲಿಸಿದರು. ಪಾಪ, ಅವನಲ್ಲಿ ಕೆಟ್ಟತನ ಇರಲಿಲ್ಲ.

ಇನ್ನು ಆ ಅಭ್ಯಾಸ ಬೇಡ ಎಂದು ತೀರ್ಮಾನಿಸಿದ್ದೇನೆ. ಸ್ಲೇಟು ಇದೆ, ಸಾಕು. ಕಾಗದದಲ್ಲಿ ಈ ವಿಷಯ ಎತ್ತಬೇಡ.

ಅಪ್ಪ


ಉಳ್ಳೂರ್
ಆಗಸ್ಟ್ 23

ಕೃಪಾ,

ಆಫೀಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಮನೆಯಲ್ಲಾದರೆ ನಿನ್ನ ಅಪ್ಪ ಹಿಂದೆ ಬಂದು ನಿಲ್ಲುತ್ತಾರೆ. ಅಪರ್ಣಾ ನನಗೆ ಫೋನ್ ಮಾಡಿದ್ದಳು. "ಮೇಡಂ, ಇಷ್ಟು ಬೇಗ ಅಷ್ಟು ಸ್ಪಷ್ಟವಾಗಿ ಹೇಳಿದವರು ಕಡಿಮೆ. ಬಿಟ್ಟರೆ ಹೋಗ್ತದೆ" ಎಂದಳು. ಅದನ್ನು ಅವರಿಗೆ ಹೇಳುವ ಧೈರ್ಯ ನನಗಿಲ್ಲ. ಹಳೆಯ ರೇಸುಗಳನ್ನು ಸದ್ದು ತೆಗೆದು ನೋಡುತ್ತಾ ಕೂರುತ್ತಾರೆ. ನಾನು ಕೋಣೆಗೆ ಹೋದರೆ, ನೋಡುತ್ತಿರಲಿಲ್ಲ ಎಂಬಂತೆ ಪೇಪರ್ ಎತ್ತಿಕೊಳ್ಳುತ್ತಾರೆ.

ನೀನು ಹೇಳಿದರೆ ಕೇಳಿಯಾರು. ಅಥವಾ ಹೇಳದಿದ್ದರೆ ಕೇಳಿಯಾರು. ಯಾವುದೆಂದು ನನಗೆ ತಿಳಿಯುವುದಿಲ್ಲ.

ಅಮ್ಮ


ಕಾಕ್ಕನಾಡ್
ಆಗಸ್ಟ್ 27

ಅಪ್ಪ,

ನೀವು ಎತ್ತಬೇಡ ಎಂದದ್ದನ್ನು ಎತ್ತುವುದಿಲ್ಲ. ಇದು ಬೇರೆ ವಿಷಯ.

ರೇಸುಗಳು ಮತ್ತೆ ಶುರುವಾಗುತ್ತವೆ. ಮುಂದಿನ ಭಾನುವಾರವಲ್ಲ, ಅದರ ಮುಂದಿನ ಭಾನುವಾರ ಶ್ರಾವ್ಯಳ ಗುಂಪಿನವರು ನಮ್ಮ ಫ್ಲ್ಯಾಟಿನ ಕೆಳಗಿನ ಹಾಲ್‌ನಲ್ಲಿ ದೊಡ್ಡ ಪರದೆ ಹಾಕುತ್ತಾರೆ. ಅರುವತ್ತು ಎಪ್ಪತ್ತು ಮಂದಿ ಸೇರುತ್ತಾರೆ. ಎಲ್ಲರೂ ಮುಂದಿನ ಸಾಲಿನ ಕಾರುಗಳ ಅಭಿಮಾನಿಗಳು. ಹದಿನಾಲ್ಕನೆಯವನ ಕಡೆಯಿಂದ ಯಾರೂ ಇಲ್ಲ. ನೀವು ಬಂದರೆ ಒಬ್ಬರಾಗುತ್ತೀರಿ.

ಅಮ್ಮನಿಗೆ ರಜೆ ಉಳಿದಿಲ್ಲ, ಗೊತ್ತು. ಒಬ್ಬರೇ ಬನ್ನಿ. ಬೆಳಗ್ಗಿನ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಇಲ್ಲಿ. ಎರ್ನಾಕುಲಂ ಸ್ಟೇಷನ್ನಿನಲ್ಲಿ ನಾನಿರುತ್ತೇನೆ. ಹಾಲ್‌ನಲ್ಲಿ ಯಾರ ಹತ್ತಿರವೂ ಮಾತಾಡಬೇಕಾಗಿಲ್ಲ, ಗದ್ದಲದಲ್ಲಿ ಅಲ್ಲಿ ಯಾರ ಮಾತು ಯಾರಿಗೂ ಕೇಳುವುದಿಲ್ಲ.

ನನಗೆ ನಿಮ್ಮ ಪಕ್ಕ ಕೂತು ನೋಡಬೇಕೆಂದು ಆಸೆ. ಬೇರೆ ಕಾರಣ ಇಲ್ಲ.

ಕೃಪಾ


ಕಾಕ್ಕನಾಡ್
ಸೆಪ್ಟೆಂಬರ್ 8

ಅಮ್ಮ,

ಅಪ್ಪ ಬೆಳಗ್ಗೆ ಹೊರಟರು, ನೀನು ಈ ಕಾಗದ ಓದುವ ಹೊತ್ತಿಗೆ ನಿನ್ನ ಎದುರಿಗೇ ಇರುತ್ತಾರೆ. ಆದರೂ ಅವರು ನಿನ್ನೆಯ ಸಂಗತಿಯನ್ನು ಪೂರ್ತಿ ಹೇಳುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಹಾಲ್ ತುಂಬಿತ್ತು. ಅಪ್ಪ ಗೋಡೆಯ ಪಕ್ಕದ ಕುರ್ಚಿ ಹಿಡಿದರು. ಕುತ್ತಿಗೆಗೆ ನೀನು ಹೊಲಿದುಕೊಟ್ಟ ಬಟ್ಟೆ, ತೊಡೆಯ ಮೇಲೆ ಸ್ಲೇಟು. ದೀಪಗಳು ಆರಿದಾಗ ಎಲ್ಲರೂ ಬೊಬ್ಬೆ ಹೊಡೆದರು, ಇವರು ಮಾತ್ರ ಎಡಗಡೆಯ ಪಟ್ಟಿ ನೋಡುತ್ತಿದ್ದರು.

ನಿನ್ನೆ ನಾಲ್ಕು ಕಾರುಗಳು ಕೆಟ್ಟು ನಿಂತವು. ಹಾಗಾಗಿ ಅಪ್ಪನ ಕಕ್ಷಿದಾರ ಹತ್ತನೆಯ ಸ್ಥಾನಕ್ಕೆ ಬಂದ. ಒಂದು ಅಂಕದ ಜಾಗ. ಹಾಲ್‌ನಲ್ಲಿ ಬಹಳ ಮಂದಿಗೆ ಅಚ್ಚುಮೆಚ್ಚಿನ ದೊಡ್ಡ ಚಾಲಕನೊಬ್ಬ ಎಂಜಿನ್ ತೊಂದರೆಯಿಂದಾಗಿ ಕೊನೆಯ ಸ್ಥಾನದಿಂದ ಹೊರಟಿದ್ದ. ಒಬ್ಬೊಬ್ಬರನ್ನೇ ದಾಟಿಕೊಂಡು ಬಂದು ಇವನ ಬೆನ್ನಿಗೆ ನಿಂತ. ಕೊನೆಯ ಐದು ಸುತ್ತು. ಹಾಲ್ ಪೂರ್ತಿ ಎದ್ದು ನಿಂತಿತ್ತು. ಒಂದು ತಿರುವಿನಲ್ಲಿ ಅವನು ಹೊರಗಿನಿಂದ ಸುತ್ತಿಕೊಂಡು ದಾಟಿಬಿಟ್ಟ. ಕಿವಿ ಕಿತ್ತುಹೋಗುವ ಹಾಗೆ ಚಪ್ಪಾಳೆ. ಸ್ವಲ್ಪ ಹೊತ್ತಿಗೆ ಪರದೆಯಲ್ಲಿ ಬಂತು: ದಾಟಿದವನಿಗೆ ಐದು ಸೆಕೆಂಡು ದಂಡ. ಎಂದರೆ ಆ ಅಂಕ ಮತ್ತೆ ನಮ್ಮವನಿಗೆ.

ಗಲಾಟೆಯೋ ಗಲಾಟೆ. ಮುಂದಿನ ಸಾಲಿನ ಹಳದಿ ಟೀ ಶರ್ಟಿನ ಯುವಕನೊಬ್ಬ ಹಿಂದಕ್ಕೆ ತಿರುಗಿ ಎಲ್ಲರಿಗೂ ಕೇಳುವಂತೆ ಕೂಗಿದ: "ಇದು ಅನ್ಯಾಯ! ಆ ಕೊನೆಯ ಕಾರಿನವನಿಗೆ ಒಂದು ಪಾಯಿಂಟ್ ಸಿಕ್ಕಿ ಏನಾಗಬೇಕು? ಅವನು ದಾರಿಗೆ ಅಡ್ಡ ಮಾತ್ರ!"

ಅಪ್ಪ ಸ್ಲೇಟು ಎತ್ತಿಕೊಂಡರು. ಒಂದು ಪದ ಬರೆದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟು ಎದ್ದು ನಿಂತರು. ಹೆಬ್ಬೆರಳು ಕುತ್ತಿಗೆಗೆ ಹೋಯಿತು.

"ಬಿಳಿ ಗೆರೆ" ಎಂದರು ಮಲಯಾಳದಲ್ಲಿ.

ಅಮ್ಮ, ಆ ಸ್ವರಕ್ಕೆ ಹಾಲ್ ಥಟ್ಟನೆ ಸುಮ್ಮನಾಯಿತು. ಎಲ್ಲರೂ ತಿರುಗಿ ನೋಡಿದರು. ಚಹಾದಂಗಡಿಯೇ ಮತ್ತೆ ಎಂದುಕೊಂಡೆ. ಅಪ್ಪ ಉಸಿರು ತೆಗೆದುಕೊಂಡರು. ಅವಸರ ಇರಲಿಲ್ಲ.

"ನಾಲ್ಕು ಚಕ್ರವೂ ಗೆರೆಯ ಹೊರಗೆ." ಉಸಿರು. "ಹೊರಗೆ ಹೋಗಿ ಮುಂದೆ ಬಂದ." ಉಸಿರು. "ಜಾಗ ವಾಪಸ್ ಕೊಡಬೇಕಿತ್ತು. ಕೊಡಲಿಲ್ಲ."

"ಅದಲ್ಲ ಅಂಕಲ್," ಹಳದಿ ಟೀ ಶರ್ಟಿನವನು ನಡುವೆಯೇ ಬಾಯಿ ಹಾಕಿದ, "ಇವನೇ ಅವನನ್ನು ಹೊರಗೆ ತಳ್ಳಿದ್ದು! ನೀವು ಸರಿಯಾಗಿ ನೋಡಲಿಲ್ಲ—"

"ನಿಲ್ಲು. ನಾನು ಮುಗಿಸಲಿಲ್ಲ." ಉಸಿರು. "ತಳ್ಳಲಿಲ್ಲ. ಒಂದು ಕಾರಿನಷ್ಟು ಜಾಗ ಬಿಟ್ಟಿದ್ದ. ಇನ್ನೊಮ್ಮೆ ಹಾಕಿ ತೋರಿಸು."

ಶ್ರಾವ್ಯ ಓಡಿಹೋಗಿ ಹಿಂದಕ್ಕೆ ತಿರುಗಿಸಿ ಹಾಕಿದಳು. ಅಪ್ಪ ಪರದೆಯ ಹತ್ತಿರ ನಡೆದು, ಒಂದು ಕೈ ಕುತ್ತಿಗೆಯಲ್ಲಿ, ಇನ್ನೊಂದು ಕೈಯ ಬೆರಳಿನಿಂದ ಗೆರೆ ತೋರಿಸಿದರು. ಜಾಗ ಇತ್ತು. ಎಲ್ಲರಿಗೂ ಕಂಡಿತು. ಅರ್ಧ ಹಾಲ್ ನಕ್ಕು ಚಪ್ಪಾಳೆ ತಟ್ಟಿತು. ಹಳದಿ ಟೀ ಶರ್ಟು ಒಪ್ಪಲಿಲ್ಲ. "ಈ ಕ್ಯಾಮರಾದಲ್ಲಿ ಹಾಗೆ ಕಾಣ್ತದೆ ಅಂಕಲ್" ಎಂದ. ರೇಸು ಮುಗಿದು ಕುರ್ಚಿ ಎತ್ತಿಡುವ ತನಕ ಇಬ್ಬರೂ ವಾದಿಸುತ್ತಿದ್ದರು. ಕೊನೆಗೆ ಅವನೇ ಎರಡು ಚಹಾ ತಂದ.

ಮೇಲೆ ಬರುವಾಗ ಲಿಫ್ಟಿನಲ್ಲಿ ಅಪ್ಪನ ಮುಖ ನೋಡಿದೆ. ಸುಸ್ತಾಗಿದ್ದರು, ಬೆವರಿದ್ದರು. "ಗೆದ್ದಿರಿ" ಎಂದೆ.

ತಲೆ ಅಲ್ಲಾಡಿಸಿದರು. "ಆ ಹುಡುಗ ನನ್ನ ಮಾತಿನ ನಡುವೆ ಬಾಯಿ ಹಾಕಿದ. ನೋಡಿದ್ಯಾ?"

"ನೋಡಿದೆ. ಸಿಟ್ಟು ಬಂತಾ?"

"ಆಪರೇಷನ್ ಆದ ಮೇಲೆ ಯಾರೂ ಹಾಕಿರಲಿಲ್ಲ." ಉಸಿರು. "ನೀನು ಸಹ."

ಮೂರನೆಯ ಮಹಡಿಯಿಂದ ಒಂಬತ್ತನೆಯದರ ವರೆಗೆ ನಗುತ್ತಲೇ ಇದ್ದರು. ಸದ್ದಿಲ್ಲದ ನಗು, ಭುಜ ಮಾತ್ರ ಕುಣಿಯುತ್ತಿತ್ತು. ಅಮ್ಮ, ಅಪ್ಪನ ವಾದ ಕೇಳಲು ನಾನು ಕೋರ್ಟಿಗೆ ಒಮ್ಮೆಯೂ ಬಂದಿರಲಿಲ್ಲ. ಅವರು ಏನಾಗಿದ್ದರು ಎಂದು ನಿನ್ನೆ ತಿಳಿಯಿತು.

ಕೃಪಾ


ಉಳ್ಳೂರ್
ಅಕ್ಟೋಬರ್ 16

ಕೃಪಾ,

ನಿನ್ನ ಕಾಗದವನ್ನು ಅಮ್ಮ ನನಗೆ ತೋರಿಸಲಿಲ್ಲ, ಗಟ್ಟಿಯಾಗಿ ಓದಿದಳು. ಸ್ವಲ್ಪ ಅತಿಶಯ ಇದೆ. ಅರ್ಧ ಹಾಲ್ ಅಲ್ಲ, ಮೂರನೇ ಒಂದು ಭಾಗ ಇರಬಹುದು.

ಅಪರ್ಣಾ ವಾರಕ್ಕೆರಡು ಸಲ ಬರಹೇಳಿದ್ದಾಳೆ, ಹೋಗುತ್ತಿದ್ದೇನೆ. ಮೊನ್ನೆ ಅಭ್ಯಾಸ ಮುಗಿದ ಮೇಲೆ, "ಸಾರ್, ವಾರ್ಡಿನಲ್ಲಿ ಒಬ್ಬರನ್ನು ನೋಡ್ತೀರಾ? ಕಾಸರಗೋಡಿನವರು. ಮಲಯಾಳ ಗೊತ್ತುಂಟು, ಆದರೆ ನಮ್ಮ ಹತ್ತಿರ ಬಾಯಿ ಬಿಡುತ್ತಿಲ್ಲ" ಎಂದಳು.

ದಿನಕರ ಮಾಸ್ಟ್ರು ಎಂದು ಹೆಸರು. ಕುಂಬಳೆಯ ಹತ್ತಿರದ ಕನ್ನಡ ಶಾಲೆಯಲ್ಲಿ ಮೇಷ್ಟ್ರು. ನನ್ನದೇ ಕಾಯಿಲೆ, ನನ್ನದೇ ಆಪರೇಷನ್, ಬರುವ ಸೋಮವಾರ. ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಕನ್ನಡದಲ್ಲಿ "ನಮಸ್ಕಾರ ಮಾಸ್ಟ್ರೇ" ಎಂದೆ. ತಿರುಗಿದರು. ಮೊದಲು ನನ್ನ ಮುಖ ನೋಡಿದರು, ಆಮೇಲೆ ಕುತ್ತಿಗೆ, ಆಮೇಲೆ ಹೆಬ್ಬೆರಳು. ನಾನು ಕೈ ಇಳಿಸಲಿಲ್ಲ, ಅವರಿಗೆ ಸಾಕಾಗುವಷ್ಟು ಹೊತ್ತು ನೋಡಲು ಬಿಟ್ಟೆ.

"ಎಷ್ಟು ದಿನ ಬೇಕು ವಕೀಲರೇ, ಹೀಗೆ ಮಾತಾಡ್ಲಿಕ್ಕೆ?" ಎಂದರು. ಎಂಥ ಸ್ವರ ಅಂತೀಯ, ಕೊನೆಯ ಬೆಂಚಿಗೂ ತಲುಪುವಂಥದ್ದು.

"ಹೆದರಿಕೆ ಹೋಗ್ಲಿಕ್ಕೆ ದಿನ ಹಿಡಿಯಿತು. ಮಾತಿಗೆ ಅಷ್ಟಿಲ್ಲ."

"ಮಕ್ಕಳು ನಗಾಡ್ತಾರಾ?"

ಚಹಾದಂಗಡಿಯ ಮಗುವನ್ನು ಹೇಳಬಾರದೆಂದು ಮೊದಲು ಅನಿಸಿತು. ಆಮೇಲೆ ಹೇಳಿದೆ, ಇದ್ದದ್ದನ್ನು ಇದ್ದ ಹಾಗೆ. ಕಾಕ್ಕನಾಡಿನ ಹಳದಿ ಟೀ ಶರ್ಟನ್ನೂ ಹೇಳಿದೆ. ಫಾರ್ಮುಲಾ ಒನ್ ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ಅವರ ಹಾಸಿಗೆಯ ಮೇಲೆ ಬಿಸ್ಕತ್ತು, ಮಾತ್ರೆಯ ಡಬ್ಬಿ ಇಟ್ಟು ಹತ್ತನೆಯವನು ಹನ್ನೊಂದನೆಯವನು ಎಂದು ತೋರಿಸಿದೆ. ಮೇಷ್ಟ್ರ ಕುತೂಹಲ, ಎದ್ದು ಕೂತು ಪ್ರಶ್ನೆ ಕೇಳಿದರು. ಹೊತ್ತು ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ, ನರ್ಸ್ ಬಂದು ಎಬ್ಬಿಸಬೇಕಾಯಿತು.

ನಾನು ಹೊರಟಾಗ ಅವರು ಕೇಳಿದರು: "ನಿಮ್ಮ ಮೊದಲಿನ ಸ್ವರ ಹೇಗಿತ್ತು ವಕೀಲರೇ?"

"ಮರೆತುಹೋಯಿತು ಮಾಸ್ಟ್ರೇ" ಎಂದೆ.

ಅದು ಸುಳ್ಳು. ನಿನಗೂ ಗೊತ್ತು, ನಿನ್ನ ಅಮ್ಮನಿಗೂ ಗೊತ್ತು. ಆದರೆ ಹೇಳುವಾಗ ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನಿಸಲಿಲ್ಲ. ಮಾಸ್ಟ್ರು ಕಾಲು ಮಡಚಿ ಮಂಚದ ತುದಿಯಲ್ಲಿ ಜಾಗ ಮಾಡಿದರು. ನಾನು ಮತ್ತೆ ಕೂತೆ.

ಅಪ್ಪ